ಬಾಡಿಗೆ ಕೆನ್ನೆ

ಸ್ಟುಡಿಯೋದಲ್ಲಿ ಲೂವೀನಾ ಪ್ರೂಯಿಟ್‌ಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವಳು ‘ಕೆನ್ನೆ’. “ಕೆನ್ನೆ ಬಂತೇನ್ರೋ?” ಎಂದು ಒಬ್ಬ ಕೂಗಿದರೆ, “ಬಂದು ಆಗ್ಲೇ ಕೂತಿದೆ, ದೀಪ ಹಚ್ಚಿ,” ಎಂದು ಇನ್ನೊಬ್ಬ ಕೂಗುತ್ತಿದ್ದ. ಅವಳ ಎದುರಿಗೇ ಹೀಗೆ ಮಾತು ನಡೆಯುತ್ತಿತ್ತು. ಅವಳೂ ಕುರ್ಚಿಯಿಂದ ಎದ್ದು, ವಿಗ್ಗು ಸರಿಮಾಡಿಕೊಂಡು, ದೀಪದ ಕೆಳಗೆ ಹೋಗಿ ನಿಲ್ಲುತ್ತಿದ್ದಳು.

ಎರಡನೆಯ ಮಹಾಯುದ್ಧ ಮುಗಿದ ಹೊಸತು. ಲಾಸ್ ಏಂಜಲೀಸ್‌ನ ಗೋವರ್ ಬೀದಿಯ ಆ ಸಣ್ಣ ಸ್ಟುಡಿಯೋ ಪತ್ತೇದಾರಿ ಕಾದಂಬರಿಗಳನ್ನು ಚಿಲ್ಲರೆ ಕಾಸಿಗೆ ಕೊಂಡುಕೊಂಡು ಒಂದರ ಹಿಂದೊಂದು ಚಿತ್ರ ತೆಗೆಯುತ್ತಿತ್ತು. ಬರೆದವನು ಯಾರೇ ಇರಲಿ, ಚಿತ್ರದಲ್ಲಿ ಹ್ಯಾಟು ಹಾಕಿದ ಪತ್ತೇದಾರ, ಸುಳ್ಳು ಹೇಳುವ ಸುಂದರಿ, ಆ ಸುಳ್ಳನ್ನು ಅವಳ ಬಾಯಿಂದ ಕಿತ್ತು ತೆಗೆಯಲು ಅವನು ಬಿಡುವ ಏಟು, ಇಷ್ಟಂತೂ ಇರಲೇಬೇಕಿತ್ತು. ಜನ ದುಡ್ಡು ಕೊಟ್ಟು ಬರುತ್ತಿದ್ದದ್ದೇ ಆ ಏಟಿಗೆ ಎಂದು ನಿರ್ದೇಶಕ ಡ್ರಿಸ್ಕಲ್ ನಂಬಿದ್ದ. ಆದರೆ ಸುಂದರಿಯ ಪಾತ್ರ ಮಾಡುವ ಮಿಸ್ ರೇಯ ಕರಾರಿನಲ್ಲಿ ಅವಳ ಮುಖಕ್ಕೆ ಯಾರೂ ಕೈ ತಾಗಿಸಕೂಡದು ಎಂದಿತ್ತು. ಗಾಳಿಯಲ್ಲಿ ಕೈಬೀಸಿ ಆಮೇಲೆ ಸದ್ದು ಸೇರಿಸುವ ಉಪಾಯ ಡ್ರಿಸ್ಕಲ್‌ಗೆ ಹಿಡಿಸುತ್ತಿರಲಿಲ್ಲ. “ಸುಳ್ಳು ಏಟು ಪರದೆ ಮೇಲೆ ನಾರುತ್ತೆ,” ಎನ್ನುತ್ತಿದ್ದ. ಹಾಗಾಗಿ ಮಿಸ್ ರೇಯ ತಲೆಗೂದಲಿನಂಥದೇ ವಿಗ್ಗು ತೊಟ್ಟು, ಕ್ಯಾಮೆರಾಕ್ಕೆ ಅರ್ಧ ಬೆನ್ನು ಅರ್ಧ ಕೆನ್ನೆ ಕೊಟ್ಟು ನಿಲ್ಲುವ ಒಬ್ಬಳು ಬೇಕಾಗಿದ್ದಳು.

ಲೂವೀನಾ ಸಿಕ್ಕಿದ್ದು ಸ್ಟುಡಿಯೋ ಎದುರಿನ ಊಟದಂಗಡಿಯಲ್ಲಿ. ಅಲ್ಲಿ ಬಡಿಸುವ ಕೆಲಸ ಅವಳದು. ಒಂದು ಮಧ್ಯಾಹ್ನ ದನಗಾಹಿಯ ವೇಷದಲ್ಲೇ ಉಣ್ಣಲು ಬಂದಿದ್ದ ಒಬ್ಬ ಸಹನಟನ ತೊಡೆಯ ಮೇಲೆ ಬಿಸಿ ಕಾಫಿ ಚೆಲ್ಲಿತು. ಅವನು ಎದ್ದವನೇ ಅವಳ ಕೆನ್ನೆಗೆ ಬಾರಿಸಿದ. ಸದ್ದಿಗೆ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಲೂವೀನಾ ಮಾತ್ರ ರೆಪ್ಪೆ ಆಡಿಸಲಿಲ್ಲ. ಅವಳ ಅಪ್ಪ ಓಕ್ಲಹೋಮಾದ ಧೂಳಿನಲ್ಲೂ, ಅಲ್ಲಿಂದ ಗುಳೆ ಎದ್ದು ಬಂದ ಮೇಲೆ ಬೇಕರ್ಸ್‌ಫೀಲ್ಡಿನ ಹತ್ತಿ ಹೊಲಗಳಲ್ಲೂ, ಕುದುರೆಯ ಜೀನಿನ ಪಟ್ಟಿ ಹಿಡಿದೇ ಮಕ್ಕಳನ್ನು ಬೆಳೆಸಿದವನು. ಕಣ್ಣು ಮುಚ್ಚಿದ ಮಕ್ಕಳಿಗೆ ಇನ್ನೆರಡು ಹೆಚ್ಚು ಬೀಳುತ್ತಿತ್ತು.

ಮೂಲೆಯಲ್ಲಿ ಹುರುಳಿಕಾಯಿ ಸೂಪು ಕುಡಿಯುತ್ತಿದ್ದ ಡ್ರಿಸ್ಕಲ್ ಚಮಚ ಕೆಳಗಿಟ್ಟ.

“ಇಲ್ಲಿ ಬಾ, ಚಿನ್ನ. ಬೆಳಕಿಗೆ ತಿರುಗು,” ಎಂದ. ಅವಳ ಗದ್ದ ಹಿಡಿದು, ಕೆನ್ನೆಯ ಮೇಲೆ ಮೂಡುತ್ತಿದ್ದ ಬೆರಳುಗಳನ್ನು ಕಸಾಯಿಯವನ ಅಂಗಡಿಯಲ್ಲಿ ಮಾಂಸ ನೋಡುವವನಂತೆ ನೋಡಿದ. “ಭೇಷ್! ಎಷ್ಟು ಚೆನ್ನಾಗಿ ಎದ್ದು ಬರುತ್ತೆ! ಸಿನಿಮಾದಲ್ಲಿ ಕೆಲಸ ಮಾಡ್ತೀಯಾ?”

ಅವಳು ಅಂದೇ ಏಪ್ರನ್ ಬಿಚ್ಚಿಟ್ಟಳು.

ಹೊಡೆಯುವವನು ವಾರ್ಡ್ ಹೆಲ್ಮರ್, ಎಲ್ಲ ಚಿತ್ರಗಳ ಪತ್ತೇದಾರ. ಕೆಟ್ಟ ಮನುಷ್ಯನೇನೂ ಆಗಿರಲಿಲ್ಲ. ಪ್ರತಿ ಏಟಿಗೂ ಮುಂಚೆ ಬೆರಳಿನ ಉಂಗುರ ತೆಗೆದು ಜೇಬಿಗೆ ಹಾಕುತ್ತಿದ್ದ, ಆಮೇಲೆ “ತಪ್ಪು ತಿಳೀಬೇಡ, ಗೊಂಬೆ,” ಎನ್ನುತ್ತಿದ್ದ. ಅವಳ ಹೆಸರನ್ನು ಎಷ್ಟೋ ಸಲ ಕೇಳಿದ್ದ, ಅಷ್ಟೇ ಸಲ ಮರೆತಿದ್ದ. ಒಂದೇ ಏಟಿಗೆ ಮುಗಿಯುವ ಕೆಲಸವೂ ಅಲ್ಲ. ಹ್ಯಾಟಿನ ನೆರಳು ಕೆನ್ನೆಯ ಮೇಲೆ ಬಿತ್ತು, ಇನ್ನೊಂದು. ವಿಗ್ಗು ಅಲುಗಿತು, ಇನ್ನೊಂದು. ಹೆಲ್ಮರ್‌ಗೆ ನಗು ಬಂತು, ಇನ್ನೊಂದು. ಕೆನ್ನೆ ಕೆಂಪಾಗಿ ಊದಿಕೊಂಡರೆ ಬಣ್ಣ ಹಚ್ಚುವವಳು ಬಂದು ಮಂಜುಗಡ್ಡೆ ಒತ್ತಿ, ಮೇಲೆ ಪೌಡರು ಬಳಿದು ಹೋಗುತ್ತಿದ್ದಳು. ಆಮೇಲೆ ಮತ್ತೆ.

ಬಂಕರ್ ಹಿಲ್ಲಿನ ಬಾಡಿಗೆ ಕೋಣೆಯಲ್ಲಿ ಅವಳ ಜತೆಗಿದ್ದವಳು ಅಕ್ಕ ಐಡಾ. ಬಟ್ಟೆ ತೊಳೆಯುವ ಕಾರ್ಖಾನೆಯಲ್ಲಿ ಇಸ್ತ್ರಿಯ ಕೆಲಸ. ಐಡಾಳ ಬಾಯಿ ಇಸ್ತ್ರಿಪೆಟ್ಟಿಗೆಗಿಂತ ಬಿಸಿ.

“ಏನಮ್ಮಾ ಚಿತ್ರನಟಿ, ಇವತ್ತು ಕೆನ್ನೆಗೆ ಊಟ ಜೋರಾಗಿ ಬಡಿಸಿದ ಹಾಗಿದೆ?”

“ಸುಮ್ನಿರೇ. ಡ್ರಿಸ್ಕಲ್ ಹೇಳಿದ್ದಾರೆ, ಮುಂದಿನ ಚಿತ್ರದಲ್ಲಿ ನೋಡೋಣ ಅಂತ.”

“ಏನು ನೋಡೋದು? ಇನ್ನೊಂದು ಕೆನ್ನೇನಾ?”

ಲೂವೀನಾ ಟವೆಲಿನಲ್ಲಿ ಮಂಜುಗಡ್ಡೆ ಸುತ್ತಿಕೊಂಡು ಮಲಗುತ್ತಿದ್ದಳು. ಅವಳಿಗೆ ಬೇಕಾಗಿದ್ದದ್ದು ಒಂದೇ ಒಂದು ಮಾತು. ಮಾತಾಡಿದವರ ಮುಖ ತೋರಿಸಲೇಬೇಕಲ್ಲ ಎಂಬುದು ಅವಳ ಲೆಕ್ಕಾಚಾರ. ಚಿತ್ರ ಮುಗಿದು ಜನ ಎದ್ದು ನಿಂತ ಮೇಲೆ ಅವರಲ್ಲಿ ಯಾರಾದರೂ ಒಬ್ಬರು ‘ಯಾರಪ್ಪಾ ಇವಳು?’ ಎಂದು ಕೇಳಿದರೂ ಸಾಕಾಗಿತ್ತು.

ಆ ಚಳಿಗಾಲ ಸ್ಟುಡಿಯೋ ಹೊರೇಸ್ ಬೀಮಿಶ್ ಎಂಬವನ ಕಾದಂಬರಿ ಕೊಂಡಿತು. ಪುಸ್ತಕದ ಒಂದು ಪ್ರತಿ ಸೆಟ್ಟಿನ ಮೂಲೆಯಲ್ಲಿ, ಅಲುಗಾಡುವ ಮೇಜಿನ ಕಾಲಿಗೆ ಒತ್ತುಕೊಟ್ಟು ಬಿದ್ದಿತ್ತು. ಲೂವೀನಾ ಅದರ ಜಾಗಕ್ಕೆ ಮರದ ಚೂರೊಂದನ್ನು ಇಟ್ಟು, ಪುಸ್ತಕವನ್ನು ಕೈಚೀಲಕ್ಕೆ ಹಾಕಿಕೊಂಡಳು. ಟ್ರಾಮಿನಲ್ಲಿ ಹೋಗುತ್ತ ಬರುತ್ತ, ತುಟಿ ಆಡಿಸಿಕೊಂಡು, ನಿಧಾನವಾಗಿ ಓದಿದಳು. ಏಟಿನ ಪುಟ ಬಂದಾಗ ಅವಳು ಇಳಿಯಬೇಕಾದ ನಿಲ್ದಾಣ ದಾಟಿಹೋಯಿತು.

ಚಿತ್ರಕ್ಕೆಂದು ಬರೆಸಿದ್ದ ಕಥೆಯಲ್ಲಿ ಏಟು ತಿಂದ ಹೆಂಗಸು ಗೋಳೋ ಎಂದು ಅತ್ತು, ಎಲ್ಲ ಗುಟ್ಟನ್ನೂ ಹೇಳಿ, ಪತ್ತೇದಾರನ ಎದೆಗೆ ಒರಗುತ್ತಿದ್ದಳು. ಪುಸ್ತಕದಲ್ಲಿ ಹಾಗಿರಲಿಲ್ಲ. ಪುಸ್ತಕದ ಹೆಂಗಸು ಅವನನ್ನೇ ನೋಡುತ್ತ ನಿಂತು, “ನಮ್ಮಪ್ಪ ಇದಕ್ಕಿಂತ ಜೋರಾಗಿ ಹೊಡೀತಿದ್ದ. ಅವನಿಗೆ ನನ್ನಿಂದ ಏನೂ ಬೇಕಾಗಿರಲಿಲ್ಲ,” ಎನ್ನುತ್ತಿದ್ದಳು. ಪತ್ತೇದಾರ ಹ್ಯಾಟು ತೆಗೆದುಕೊಂಡು ಹೊರಟುಹೋಗುತ್ತಿದ್ದ. ಗುಟ್ಟು ಅವಳಲ್ಲೇ ಉಳಿಯುತ್ತಿತ್ತು.

ಲೂವೀನಾ ಆ ಎರಡು ವಾಕ್ಯಗಳನ್ನು ಪಾತ್ರೆ ತೊಳೆಯುವಾಗ ಹೇಳಿಕೊಂಡಳು, ಕನ್ನಡಿ ಮುಂದೆ ಹೇಳಿಕೊಂಡಳು. ಐಡಾ ಹಾಸಿಗೆಯಿಂದಲೇ, “ನಮ್ಮಪ್ಪನ ವಿಷಯ ಇವರಿಗೆ ಯಾರೇ ಹೇಳಿದ್ದು?” ಎಂದಳು. ಅವಳು ತಮಾಷೆ ಮಾಡುತ್ತಿರಲಿಲ್ಲ.

ಏಟಿನ ದೃಶ್ಯ ತೆಗೆಯುವ ದಿನ ಬೀಮಿಶ್ ಸ್ಟುಡಿಯೋಗೆ ಬಂದ. ಒಣಕಲು ಆಳು, ಮೊಣಕೈಗೆ ತೇಪೆ ಹಾಕಿದ ಕೋಟು. ಕಾದಂಬರಿ ಬರೆದವನು ಎಂದು ತಿಳಿದ ಮೇಲೂ ಯಾರೂ ಅವನಿಗೆ ಕುರ್ಚಿ ಕೊಡಲಿಲ್ಲ. ಹಗ್ಗದ ಸುರುಳಿಯ ಮೇಲೆ ಕೂತು ಪೈಪು ಕಚ್ಚುತ್ತಿದ್ದ. ಲೂವೀನಾ ವಿಗ್ಗು ತೊಟ್ಟೇ ಅವನ ಹತ್ತಿರ ಹೋದಳು.

“ಸ್ವಾಮಿ, ನಿಮ್ಮ ಪುಸ್ತಕದಲ್ಲಿ ಅವಳು ಅಳೋದಿಲ್ಲ.”

ಬೀಮಿಶ್ ಪೈಪು ತೆಗೆದ. “ನೀನು ಓದಿದೀಯಾ?”

“ಎರಡು ಸಲ. ಅವಳು ಹೇಳೋ ಮಾತು ನಂಗೆ ಬಾಯಿಪಾಠ.” ಎಂದು ಹೇಳಿಯೂ ತೋರಿಸಿದಳು.

ಬೀಮಿಶ್‌ನ ಮುಖ ಅರಳಿತು. ಈ ಊರಿಗೆ ಬಂದ ಮೇಲೆ ತನ್ನ ಪುಸ್ತಕ ಓದಿದವರೊಬ್ಬರು ಸಿಕ್ಕಿದ್ದು ಅವನಿಗೆ ಅದೇ ಮೊದಲು. ಎದ್ದು ಡ್ರಿಸ್ಕಲ್ ಬಳಿ ಹೋಗಿ, ಕೈ ಹೊಸೆಯುತ್ತ, “ಆ ಮಾತು ಇದ್ದರೆ ದೃಶ್ಯ ಮೇಲೇಳುತ್ತೆ. ಈ ಹುಡುಗಿ ಚೆನ್ನಾಗಿ ಹೇಳ್ತಾಳೆ. ಒಂದು ಸಲ ತೆಗೆದು ನೋಡಬಾರದೇ?” ಎಂದ.

ಡ್ರಿಸ್ಕಲ್ ಒಮ್ಮೆ ಬೀಮಿಶ್‌ನನ್ನು, ಒಮ್ಮೆ ಲೂವೀನಾಳನ್ನು ನೋಡಿದ. ಹಲ್ಲು ಕಾಣುವಂತೆ ನಕ್ಕ.

“ಯಾಕಾಗಬಾರದು? ಬರೆದವರೇ ಕೇಳಿದ ಮೇಲೆ ಇನ್ನೇನು! ಏಯ್, ಕೆನ್ನೆಗೆ ಬಾಯಿ ಬಂದಿದೆ ಕಣ್ರೋ! ಕ್ಯಾಮೆರಾ ಈ ಕಡೆ ತನ್ನಿ. ಪೂರ್ತಿ ಮುಖ ಬರಲಿ.”

ಸೆಟ್ಟಿನಲ್ಲಿ ಓಡಾಟ ಶುರುವಾಯಿತು. ಬಣ್ಣ ಹಚ್ಚುವವಳು ಮೊದಲ ಸಲ ಲೂವೀನಾಳ ತುಟಿಗೆ ಬಣ್ಣ ಬಳಿದಳು. ಯಾರೋ ಕುರ್ಚಿ ತಂದರು, ಯಾರೋ ನೀರು ಕೊಟ್ಟರು. ಡ್ರಿಸ್ಕಲ್ ಕ್ಯಾಮೆರಾದ ಹಿಂದೆ ಹೋಗಿ ಸಹಾಯಕ ನೊವಾಕ್‌ನ ಕಿವಿಯಲ್ಲಿ ಏನೋ ಹೇಳಿದ. ನೊವಾಕ್ ತಲೆ ತಗ್ಗಿಸಿದ. ಮಾತು ಒಬ್ಬರ ಬಾಯಿಂದ ಒಬ್ಬರಿಗೆ ದಾಟಿ, ದೀಪದವರು ಏಣಿಯ ಮೇಲೇ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ಹತ್ತಿರದಲ್ಲೇ ನಿಂತಿದ್ದ ಬೀಮಿಶ್‌ಗೂ ಅದು ಕೇಳಿಸಿತು. ಅವನು ಪೈಪಿಗೆ ಹೊಗೆಸೊಪ್ಪು ತುಂಬಲು ಶುರುಮಾಡಿದ. ತುಂಬುತ್ತಲೇ ಇದ್ದ.

“ಶುರು!”

ಹೆಲ್ಮರ್ ಹೊಡೆದ. ಲೂವೀನಾಳ ತಲೆ ಪಕ್ಕಕ್ಕೆ ಹೋಗಿ ಮತ್ತೆ ನೇರವಾಯಿತು. ಅವನ ಕಣ್ಣಲ್ಲಿ ಕಣ್ಣಿಟ್ಟು, ದನಿ ಏರಿಸದೆ, ಹತ್ತಿ ಹೊಲದ ಸೀಮೆಯ ರಾಗದಲ್ಲೇ ಆ ಎರಡು ವಾಕ್ಯ ಹೇಳಿದಳು. ಹೇಳಿದ ರೀತಿಗೆ ಹೆಲ್ಮರ್ ತನ್ನ ಪಾತ್ರ ಮರೆತು ಒಂದು ಹೆಜ್ಜೆ ಹಿಂದೆ ಸರಿದ. ಏಣಿ ಮೇಲಿದ್ದವರ ನಗು ಅಲ್ಲೇ ನಿಂತಿತು.

ಮೊದಲು ಚಪ್ಪಾಳೆ ತಟ್ಟಿದವನು ಡ್ರಿಸ್ಕಲ್. “ಅದ್ಭುತ! ಇದನ್ನ ಮುಟ್ಟೋ ಹಾಗೇ ಇಲ್ಲ!” ಎಂದ. ಆಮೇಲೆ ಎಲ್ಲರೂ ತಟ್ಟಿದರು. “ಈಗ ಕಂಪನಿ ಯಜಮಾನರ ಸಮಾಧಾನಕ್ಕೆ ಆ ಹಳೇ ಅಳೋದನ್ನೂ ಒಂದು ಸಲ ತೆಗೆದುಬಿಡೋಣ, ಬೆನ್ನು ತಿರುಗಿಸಿ ನಿಲ್ಲು, ಚಿನ್ನ.”

ಅವಳು ಬೆನ್ನು ತಿರುಗಿಸಿ ನಿಂತಳು. ಆ ಸಾರಿ ಹೆಲ್ಮರ್ ಎಷ್ಟು ಸಲ ಹೊಡೆದನೋ ಅವಳಿಗೆ ನೋವೇ ತಿಳಿಯಲಿಲ್ಲ.

ಚಿತ್ರ ಬ್ರಾಡ್‌ವೇ ಬೀದಿಯ ಥಿಯೇಟರಿಗೆ ಬಂದ ಮೊದಲ ಶನಿವಾರ ಐಡಾ ಹೊಸ ಹ್ಯಾಟು ಕೊಂಡಳು. ತಂಗಿಯನ್ನು ಅಷ್ಟು ಆಡಿಕೊಳ್ಳುತ್ತಿದ್ದವಳು, ಇಡೀ ಬಾಡಿಗೆ ಮನೆಗೆ ಸುದ್ದಿ ಹಬ್ಬಿಸಿದ್ದಳು. ಮನೆಯೊಡತಿ, ಕೆಳಗಿನ ಕೋಣೆಯ ಮುದುಕ ದರ್ಜಿ, ಕಾರ್ಖಾನೆಯ ಇಬ್ಬರು ಹೆಂಗಸರು, ಎಲ್ಲರೂ ಒಂದೇ ಸಾಲಿನಲ್ಲಿ ಜೋಳದ ಅರಳು ಹಿಡಿದು ಕೂತರು. ಲೂವೀನಾ ನಡುವೆ ಕೂತಳು.

ಏಟು ಬಂತು. ಪರದೆಯ ತುಂಬ ಒಂದು ಕೆನ್ನೆ, ಒಂದು ಕಿವಿ, ಹೊಂಬಣ್ಣದ ಕೂದಲು. ಥಿಯೇಟರಿನಲ್ಲಿ ಒಬ್ಬ ಸಿಳ್ಳೆ ಹಾಕಿದ. ಲೂವೀನಾ ಐಡಾಳ ಕೈ ಹಿಡಿದುಕೊಂಡಳು. ಮರುಕ್ಷಣ ಪರದೆಯ ಮೇಲೆ ಮಿಸ್ ರೇಯ ಮುಖ ಬಂದು, ಮುತ್ತಿನಂಥ ಕಣ್ಣೀರು ಸುರಿಸಿ, ಹೆಲ್ಮರ್‌ನ ಎದೆಗೆ ಒರಗಿತು. ಕಥೆ ಮುಂದಕ್ಕೆ ಹೋಯಿತು.

“ನೀನು ಬರೋದು ಯಾವಾಗ?” ಮನೆಯೊಡತಿ ಪಿಸುಗುಟ್ಟಿದಳು.

“ಈಗ ಬಂದು ಹೋಯ್ತು.”

“ಎಲ್ಲಿ?”

“ಅದೇ... ಏಟು ಬಿತ್ತಲ್ಲ.”

“ಆ ಕಿವಿ ನಿಂದಾ?” ಎಂದು ಮನೆಯೊಡತಿ ಸ್ವಲ್ಪ ಜೋರಾಗಿಯೇ ಕೇಳಿದಳು. ಹಿಂದಿನ ಸಾಲಿನವರು ನಕ್ಕರು. ಮುದುಕ ದರ್ಜಿ, “ಕಿವಿ ಚೆನ್ನಾಗಿತ್ತಮ್ಮ,” ಎಂದ. ಅವನು ಸಮಾಧಾನಕ್ಕೆಂದೇ ಹೇಳಿದ್ದು, ಆದರೆ ಅದಕ್ಕೂ ನಗು ಬಿತ್ತು. ಐಡಾ ನಗಲಿಲ್ಲ. ಹೊಸ ಹ್ಯಾಟು ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಮನೆಗೆ ಬಂದು ಬಾಗಿಲು ಹಾಕಿದ ಮೇಲೆ, “ನನ್ನನ್ನ ಯಾಕೆ ಕರ್ಕೊಂಡು ಹೋದೆ?” ಎಂದಳು.

ಸೋಮವಾರ ಲೂವೀನಾ ನೊವಾಕ್‌ನನ್ನು ಹುಡುಕಿಕೊಂಡು ಹೋದಳು. ಅವನು ಕ್ಯಾಮೆರಾದ ಗಾಜು ಒರೆಸುತ್ತಿದ್ದ.

“ನನ್ನ ಮಾತು ಕತ್ತರಿಸಿಬಿಟ್ಟರಾ?”

ನೊವಾಕ್ ಒರೆಸುವುದನ್ನು ನಿಲ್ಲಿಸಲಿಲ್ಲ. “ಕತ್ತರಿಸೋಕೆ ಏನಿತ್ತು ತಾಯಿ? ಕ್ಯಾಮೆರಾದಲ್ಲಿ ರೀಲೇ ಇರಲಿಲ್ಲ.”

“ಎಲ್ಲರಿಗೂ ಗೊತ್ತಿತ್ತಾ?”

“ನಿಂಗೊಬ್ಬಳಿಗೆ ಬಿಟ್ಟು.” ಗಾಜನ್ನು ಬೆಳಕಿಗೆ ಹಿಡಿದು ನೋಡಿ ಅವನೇ, “ಹಾಕಿರಬೇಕಾಗಿತ್ತು ಅಂತ ಆಮೇಲೆ ಅನ್ನಿಸ್ತು,” ಎಂದ. ಯಾರಿಗೆ ಅನ್ನಿಸಿತು ಎಂದು ಹೇಳಲಿಲ್ಲ.

ಆ ದಿನ ಅವಳು ಕೆಲಸದ ನಡುವೆಯೇ ಹೊರಟು ಬಸ್ಸು ಹತ್ತಿ ಬೀಮಿಶ್‌ನ ಮನೆಗೆ ಹೋದಳು. ಅವನಾದರೂ ಅಲ್ಲಿದ್ದ, ಕೇಳಿದ್ದ. ತಾನು ಆ ಮಾತು ಹೇಳಿದ್ದು ನಿಜ ಎಂದು ಅವನು ಐಡಾಳ ಮುಂದೆ ಒಂದು ಮಾತು ಹೇಳಿದರೆ ಸಾಕು ಎಂದುಕೊಂಡಿದ್ದಳು. ಬಾಗಿಲು ತೆರೆದದ್ದು ಅವನ ಹೆಂಡತಿ. ದಪ್ಪ ಕನ್ನಡಕದ ನಡುವಯಸ್ಸಿನ ಹೆಂಗಸು. ಕೈಗೆಲ್ಲ ಹಿಟ್ಟು ಮೆತ್ತಿತ್ತು.

“ಅವರು ಸ್ಟುಡಿಯೋದಲ್ಲಿದ್ದಾರೆ. ಇನ್ನೂ ಮೂರು ಪುಸ್ತಕ ಕೊಂಡರಲ್ಲ, ಸಹಿ ಹಾಕೋಕೆ ಹೋದರು. ನಿಮಗೇನಾಗಬೇಕಿತ್ತು?”

ಲೂವೀನಾ ನಿಂತಲ್ಲೇ ಎಲ್ಲ ಹೇಳಿದಳು. ಕೊನೆಗೆ ಆ ಮಾತನ್ನೂ ಹೇಳಿದಳು. ಶ್ರೀಮತಿ ಬೀಮಿಶ್ ಕೈಯ ಹಿಟ್ಟನ್ನು ಏಪ್ರನ್ನಿಗೆ ಒರೆಸುತ್ತ ಕೇಳಿಸಿಕೊಂಡಳು.

“ಅಷ್ಟು ಇಷ್ಟ ಆಯ್ತಾ ನಿಂಗೆ?”

“ನಂಗೇ ಬರೆದ ಹಾಗಿತ್ತು, ಅಮ್ಮಾ.”

“ಬರೆದಿದ್ದಲ್ಲ ಅದು. ನಾನು ಹೇಳಿದ್ದು.” ಶ್ರೀಮತಿ ಬೀಮಿಶ್‌ಳ ದನಿ ಏರಲಿಲ್ಲ. “ನಮ್ಮಪ್ಪ ಪಾದ್ರಿ. ಬೈಬಲ್ಲು ಹಿಡಿದ ಕೈಯಲ್ಲೇ ಹೊಡೀತಿದ್ದರು. ಮದುವೆಯಾದ ಮೇಲೆ ಇವರೂ ಒಂದು ದಿನ ಕೈ ಎತ್ತಿದರು. ಆಗ ಬಾಯಿಗೆ ಬಂದದ್ದು ಅಂದೆ. ಬಚ್ಚಲಲ್ಲಿ ಉಪ್ಪುನೀರು ಮುಕ್ಕಳಿಸ್ತಾ ಇದ್ದೆ, ಆಚೆ ಟೈಪ್‌ರೈಟರ್ ಸದ್ದು ಕೇಳಿಸ್ತು. ಮರೆತುಹೋಗೋಕೆ ಮುಂಚೆ ಬರಕೊಂಡರು. ಪುಸ್ತಕದಲ್ಲಿ ಅದೊಂದೇ ಒಳ್ಳೇ ಮಾತು ಅಂತ ಪತ್ರಿಕೆಯವರೆಲ್ಲ ಹೇಳಿದರು.”

ಲೂವೀನಾಳಿಗೆ ಇದ್ದ ಒಂದು ಮಾತೂ ಇನ್ನೊಬ್ಬಳದಾಗಿಬಿಟ್ಟಿತ್ತು. ಶ್ರೀಮತಿ ಬೀಮಿಶ್ ಅವಳಿಗೆ ಆಪಲ್ ಕಡುಬಿನ ಒಂದು ತುಂಡು ಕಾಗದದಲ್ಲಿ ಸುತ್ತಿಕೊಟ್ಟಳು. “ಅವರು ಬರೋ ಹೊತ್ತಿಗೆ ಹೋಗಿಬಿಡು. ನಿನ್ನನ್ನ ನೋಡಿದರೆ ನಿನ್ನನ್ನೂ ಬರೀತಾರೆ,” ಎಂದು ಬಾಗಿಲು ಹಾಕಿಕೊಂಡಳು.

ಮಂಗಳವಾರ ಲೂವೀನಾ ಕೆಲಸಕ್ಕೆ ಹೋದಳು. ಎಲ್ಲಿಗೆ ಹೋಗಬೇಕಿತ್ತು? ಊಟದಂಗಡಿಯಲ್ಲಿ ಅವಳ ಜಾಗಕ್ಕೆ ಬೇರೆಯವಳು ಬಂದಾಗಿತ್ತು. ಐಡಾ ಅವಳ ಜತೆ ಉಪ್ಪು-ಕಾಳುಮೆಣಸಿನ ಬಟ್ಟಲು ಸರಿಸು ಎನ್ನುವಷ್ಟು ಮಾತ್ರ ಮಾತಾಡುತ್ತಿದ್ದಳು. ಡ್ರಿಸ್ಕಲ್ ಅವಳನ್ನು ಕಂಡ ಕೂಡಲೇ ಎದ್ದು ನಿಂತು ತಲೆಬಾಗಿ, “ಬನ್ನಿ ಬನ್ನಿ, ಮಹಾನಟಿ! ಇವತ್ತೇನಾದರೂ ಭಾಷಣ ಉಂಟೋ?” ಎಂದ. ಏಣಿಯ ಮೇಲಿನವರು ಮನಸಾರೆ ನಕ್ಕರು.

ಕೆಲವು ವಾರಗಳ ಮೇಲೆ ಬೀಮಿಶ್‌ನ ಎರಡನೆಯ ಕಾದಂಬರಿಯ ಏಟಿನ ದೃಶ್ಯ ತೆಗೆಯುವ ದಿನ ಬಂತು. ಹೆಲ್ಮರ್‌ಗೆ ಅಂದು ಬೇರೇನೋ ಚಿಂತೆ. ಉಂಗುರ ತೆಗೆಯುವುದನ್ನು ಮರೆತ. ಅಂಗೈಯೂ ಕೆನ್ನೆಗೆ ಬೀಳದೆ ಎಡಗಿವಿಯ ಮೇಲೆ ಬಿತ್ತು. ಲೂವೀನಾಳಿಗೆ ತಲೆಯೊಳಗೆ ಏನೋ ಹರಿದ ಹಾಗಾಯಿತು. ಆಮೇಲೆ ಸಮುದ್ರದಂಥ ಮೊರೆತ. ಕುತ್ತಿಗೆಗೆ ತೆಳ್ಳಗೆ ರಕ್ತ ಇಳಿಯಿತು. “ಕಾಣುತ್ತಾ?” ಎಂದು ಡ್ರಿಸ್ಕಲ್ ಕೇಳಿದ. ಕಾಣುತ್ತದೆ ಎಂದರು. “ಒರೆಸಿ. ಇನ್ನೊಂದು.”

ಸ್ಟುಡಿಯೋದ ವೈದ್ಯ ಕಿವಿಯೊಳಗೆ ದೀಪ ಬಿಟ್ಟು ನೋಡಿ, “ಇದು ಹಳೇದು. ಚಿಕ್ಕಂದಿನಲ್ಲಿ ಯಾರೋ ಹೊಡೆದಿರಬೇಕು,” ಎಂದ.

“ಹೊಡೆದಿದ್ದರು. ಆದರೆ ಮೊನ್ನೆವರೆಗೂ ಕೇಳಿಸ್ತಿತ್ತು.”

“ಹಾಗೇ ಇರುತ್ತೆ ಒಂದೊಂದು,” ಎಂದು ವೈದ್ಯ ಕೈ ತೊಳೆದುಕೊಂಡ.

ಬೆನ್ನು ತಿರುಗಿಸಿ ನಿಂತವಳಿಗೆ ಡ್ರಿಸ್ಕಲ್ ಕೂಗುವುದು ಕೇಳಿಸದಾಯಿತು. ಅವನು “ಶುರು” ಎಂದಾಗ ಅವಳು ವಿಗ್ಗು ಮುಟ್ಟಿಕೊಳ್ಳುತ್ತಿದ್ದಳು, “ನಿಲ್ಲಿಸು” ಎಂದ ಮೇಲೂ ಕೆನ್ನೆ ಕೊಟ್ಟು ನಿಂತಿರುತ್ತಿದ್ದಳು. ಮೊದಮೊದಲು ಅದೂ ತಮಾಷೆಯಾಯಿತು. ಹಿಂದಿನಿಂದ ಬಂದು ಅವಳ ಎಡಗಿವಿಗೆ ಏನೇನೋ ಅಸಹ್ಯ ಹೇಳುವುದು, ಅವಳು ಸುಮ್ಮನೆ ನಗುತ್ತ ನಿಂತಿರುವುದನ್ನು ನೋಡುವುದು ಅವರಿಗೊಂದು ಆಟ. ಆಮೇಲೆ ರೀಲು ಹಾಳಾಗುತ್ತದೆಂದು ಯಜಮಾನರು ಆಕ್ಷೇಪ ಎತ್ತಿದರು. ಆಗ ಡ್ರಿಸ್ಕಲ್ ಅವಳನ್ನು ಕರೆದು ಕೆಲಸದಿಂದ ತೆಗೆದಿರುವುದಾಗಿ ಹೇಳಿದ. ಎಡಗಡೆ ನಿಂತು ಹೇಳಿದ. ಅವಳು, “ಸರಿ ಸ್ವಾಮಿ,” ಎಂದು ಹೋಗಿ ನೆಲದ ಮೇಲೆ ತನಗೆಂದು ಹಾಕಿದ್ದ ಗುರುತಿನಲ್ಲಿ ನಿಂತುಕೊಂಡಳು. ಅಲ್ಲಿ ಆಗಲೇ ಅದೇ ವಿಗ್ಗು ತೊಟ್ಟ ಇನ್ನೊಬ್ಬ ಹುಡುಗಿ ನಿಂತಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೊನೆಗೆ ನೊವಾಕ್ ಬಂದು ತೋಳು ಹಿಡಿದು ಬಾಗಿಲವರೆಗೆ ಕರೆದುಕೊಂಡು ಹೋದ.

ಬಂದರಿನ ಕಡೆ ಸ್ಯಾನ್ ಪೀಡ್ರೋದಲ್ಲಿ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ ಸಿಕ್ಕಿತು. ಅಲ್ಲಿ ಯಂತ್ರಗಳ ಅಬ್ಬರಕ್ಕೆ ಯಾರ ಮಾತೂ ಯಾರಿಗೂ ಕೇಳಿಸುತ್ತಿರಲಿಲ್ಲವಾದ್ದರಿಂದ ಅವಳ ಕಿವಿಯ ಸಂಗತಿ ಬಹಳ ದಿನ ಯಾರಿಗೂ ತಿಳಿಯಲಿಲ್ಲ. ಜತೆಯ ಹೆಂಗಸರೆಲ್ಲ ಕ್ರೊಯೇಷಿಯದವರು, ಪೋರ್ಚುಗಲ್ಲಿನವರು, ಮೆಕ್ಸಿಕೋದವರು. ಎಲ್ಲರಿಗೂ ಸಿನಿಮಾದ ಹುಚ್ಚು. ಶನಿವಾರ ಕೈಗೆ ನಿಂಬೆಹಣ್ಣು ಉಜ್ಜಿ ಮೀನಿನ ವಾಸನೆ ಕಳೆದುಕೊಂಡು, ಗುಂಪಾಗಿ ಹೋಗುತ್ತಿದ್ದರು. ಲೂವೀನಾ ಒಲ್ಲೆ ಎಂದರೆ, “ಬಾರೇ, ಒಬ್ಬಳೇ ಕೂತು ಏನ್ಮಾಡ್ತೀ?” ಎಂದು ಎಳೆದುಕೊಂಡು ಹೋದರು.

ಬೀಮಿಶ್‌ನ ಮೂರನೆಯ ಕಾದಂಬರಿಯ ಚಿತ್ರ ಓಡುತ್ತಿತ್ತು. ಹೆಲ್ಮರ್ ಸ್ವಲ್ಪ ದಪ್ಪಗಾಗಿದ್ದ. ಮಿಸ್ ರೇ ಸೋಫಾದ ಮೇಲೆ ಕೂತು ಸುಳ್ಳಿನ ಮೇಲೆ ಸುಳ್ಳು ಹೇಳುತ್ತಿದ್ದಳು. ಹೆಂಗಸರು ಕುರ್ಚಿಯ ತುದಿಗೆ ಸರಿದು ಕೂತರು. ಇನ್ನೇನು ಬರಬೇಕು ಎಂದು ಅವರಿಗೆಲ್ಲ ಗೊತ್ತಿತ್ತು. ಪರದೆಯ ತುಂಬ ಆ ಹೊಸ ಹುಡುಗಿಯ ಕೆನ್ನೆ ಬಂತು, ಎಳೆಯದು, ನುಣ್ಣನೆಯದು. ಏಟು ಬಿತ್ತು.

“ಹಾಕು ಇನ್ನೊಂದು!” ಎಂದು ಪಕ್ಕದಲ್ಲಿದ್ದ ಪೋರ್ಚುಗೀಸ್ ಹೆಂಗಸು ಎದ್ದು ನಿಂತು ಕೂಗಿದಳು. “ಸುಳ್ಳಿ! ಹಾಕು ಅವಳಿಗೆ!” ಸಾಲಿಗೆ ಸಾಲೇ ಕೂಗಿತು. ಲೂವೀನಾ ಸ್ವಲ್ಪ ಹೊತ್ತು ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಆಮೇಲೆ ಅವಳೂ ಎದ್ದು ನಿಂತಳು. ಎದುರು ಸಾಲಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ, “ಹಾಕು ಇನ್ನೊಂದು!” ಎಂದು ಕೂಗಿದಳು.